ಬಿಸಿಲೇರುವ ಮುನ್ನ: ಕೇದಾರಕಂಠದ ಹಿಮದಲ್ಲಿ ಐದು ದಿನ

ಮೊದಲ ದಿನ: ಡೆಹ್ರಾಡೂನ್‌ನಿಂದ ಸಾಂಕ್ರಿ

ಡೆಹ್ರಾಡೂನ್ ರೈಲು ನಿಲ್ದಾಣದ ಬಳಿಯಿಂದ ಬೆಳಗಿನ ಜಾವವೇ ಹೊರಟ ಬಸ್ಸು ಮಸ್ಸೂರಿ ಹತ್ತಿ, ಕೆಂಪ್ಟಿ ದಾಟಿ, ಯಮುನೆಯ ಸೇತುವೆಗೆ ಇಳಿಯುವಷ್ಟರಲ್ಲಿ ಅಕ್ಕ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಸಾಂಕ್ರಿಗೆ ಒಟ್ಟು ಸುಮಾರು 190 ಕಿ.ಮೀ. ದಾರಿ. ನಕಾಶೆಯಲ್ಲಿ ನೋಡಿ ಮಧ್ಯಾಹ್ನಕ್ಕೆ ತಲುಪುತ್ತೇವೆ ಅಂದುಕೊಂಡಿದ್ದೆ, ತಲುಪಿದ್ದು ಸಂಜೆ.

ನಾವಿಬ್ಬರೂ ಇಪ್ಪತ್ತು ವರ್ಷದಿಂದ ಸಹ್ಯಾದ್ರಿಯ ಬೆಟ್ಟಗಳನ್ನು ಹತ್ತುತ್ತಿದ್ದೇವೆ. ಹಿಮವನ್ನು ಮಾತ್ರ ಮುಟ್ಟಿದವರಲ್ಲ. ಅಕ್ಕನಿಗೆ ಈ ವರ್ಷ ಐವತ್ತು ತುಂಬುತ್ತದೆ. “ಹಿಮದ ಮೇಲೆ ಟೆಂಟ್ ಹಾಕಿ ಮಲಗಬೇಕು, ಹೊರೆ ನಾವೇ ಹೊರಬೇಕು” ಎಂದು ಅವಳೇ ಹೇಳಿದ್ದು. ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೆಚ್ಚಿನವರು ಡಿಸೆಂಬರ್, ಜನವರಿಯಲ್ಲಿ ದೊಡ್ಡ ಗುಂಪುಗಳಲ್ಲಿ ಬರುತ್ತಾರೆ. ನಾವು ಮಾರ್ಚ್ ಎರಡನೇ ವಾರ ಆರಿಸಿಕೊಂಡೆವು. ಜನ ಕಡಿಮೆ, ಚಳಿಯೂ ಸ್ವಲ್ಪ ಕಡಿಮೆ, ಹಿಮ ಇನ್ನೂ ಸಾಕಷ್ಟು ಇರುತ್ತದೆ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ವಸಂತದ ಹಿಮ ಬೇರೆಯೇ ವಸ್ತು ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ.

ನೌಗಾಂವ್ ಆದ ಮೇಲೆ ಯಮುನೆಯನ್ನು ಬಿಟ್ಟು ಪುರೋಲಾದ ಅಗಲವಾದ ಗದ್ದೆಬಯಲು. ಅಲ್ಲಿಂದ ಪೈನ್ ಕಾಡಿನ ಏರು, ಇಳಿದರೆ ಮೋರಿ, ಮೋರಿಯಲ್ಲಿ ಟೋನ್ಸ್ ನದಿ. ನೈಟ್‌ವಾಡದಲ್ಲಿ ರೂಪಿನ್ ಮತ್ತು ಸೂಪಿನ್ ಎಂಬ ಎರಡು ಹೊಳೆ ಕೂಡಿ ಟೋನ್ಸ್ ಆಗುತ್ತದೆ. ಮುಂದೆ ಯಮುನೆಗೆ ಸೇರುವ ಜಾಗದಲ್ಲಿ ಯಮುನೆಗಿಂತ ಟೋನ್ಸ್‌ನಲ್ಲೇ ನೀರು ಹೆಚ್ಚು, ಹೆಸರು ಮಾತ್ರ ಯಮುನೆಗೇ ಉಳಿಯುತ್ತದೆ. ಬಸ್ಸಿನ ಕಿಟಕಿಯಿಂದ ಆ ಹಸಿರು ನೀರನ್ನು ನೋಡುವಾಗ ಇದು ನನಗೆ ಅನ್ಯಾಯವಾಗಿಯೇ ಕಂಡಿತು. ನೈಟ್‌ವಾಡದಲ್ಲೇ ಅರಣ್ಯ ಇಲಾಖೆಯ ತಪಾಸಣಾ ಕಟ್ಟೆ. ಇಲ್ಲಿಂದ ಮುಂದೆ 1955ರಲ್ಲಿ ಘೋಷಣೆಯಾದ ಗೋವಿಂದ ವನ್ಯಧಾಮ.

ಸಾಂಕ್ರಿ ಸುಮಾರು 1,950 ಮೀಟರ್ ಎತ್ತರದಲ್ಲಿದೆ. ದೇವದಾರು ಮರದ ಮನೆಗಳು, ಒಂದೇ ಬೀದಿ. ನಮ್ಮ ಜೊತೆ ಬರಲಿರುವ ಗೈಡ್ ಬಸ್ಸಿನ ಹತ್ತಿರವೇ ಕಾಯುತ್ತಿದ್ದರು. ಗಢವಾಲಿಯಲ್ಲಿ ಅಣ್ಣನಿಗೆ ಭೈಜಿ ಅನ್ನುತ್ತಾರೆ, ಊರವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಅವರು ನಮ್ಮಿಬ್ಬರಿಗೂ ದೀದಿ ಅಂದರು. ನಮ್ಮ ಬೂಟು ತಿರುಗಿಸಿ ಅಡಿ ನೋಡಿದರು, ಬೂಟಿನೊಳಗೆ ಹಿಮ ಹೋಗದಂತೆ ಕಾಲಿಗೆ ಸುತ್ತುವ ಗೇಟರ್ ಎಳೆದು ನೋಡಿದರು. “ನಾಳೆ ಆರೂವರೆಗೆ ಹೊರಡೋಣ” ಎಂದು ಹೇಳಿ ಹೋದರು.

ಎರಡನೇ ದಿನ: ಜೂಡಾ ಕಾ ತಾಲಾಬ್

ನಾವು ಹೊರಟಿದ್ದು ಹತ್ತು ಗಂಟೆಗೆ. ತಪ್ಪು ನನ್ನದು.

ರಾತ್ರಿ ತುಂಬಿಟ್ಟಿದ್ದ ರಕ್‌ಸ್ಯಾಕನ್ನು ಬೆನ್ನಿಗೇರಿಸಿದರೆ ಹಿಂದಕ್ಕೆ ಎಳೆಯುತ್ತಿತ್ತು. ತೂಗಿ ನೋಡಿದರೆ 16 ಕೆ.ಜಿ. ಎಲ್ಲ ಹೊರಗೆ ಸುರಿದು ಮತ್ತೆ ತುಂಬಿದೆ. ಸ್ಲೀಪಿಂಗ್ ಬ್ಯಾಗ್ ತಳಕ್ಕೆ, ಟೆಂಟ್ ಮತ್ತು ಅಡುಗೆಯ ಸಾಮಾನು ಬೆನ್ನಿಗೆ ಅಂಟಿದಂತೆ ನಡುವೆ, ಮೇಲೆ ಜಾಕೆಟ್ಟು. ಎರಡು ಜೊತೆ ಬಟ್ಟೆ ತೆಗೆದೆ. ಎರಡು ಚಾಪೆಗಳಲ್ಲಿ ಒಂದನ್ನೂ ತೆಗೆದೆ. ಅದು ಆ ದಿನದ ಎರಡನೇ ತಪ್ಪು. ಭೈಜಿ ಜಗುಲಿಯ ಮೇಲೆ ಕುಳಿತು ಏನೂ ಅನ್ನಲಿಲ್ಲ. ಎರಡು ಮೂರು ಸಲ ಬಿಸಿಲಿನ ಕಡೆ ನೋಡಿದರು, ಅಷ್ಟೆ.

ಊರು ಬಿಟ್ಟ ಕೂಡಲೇ ಏರು. ಮೊದಲು ಪೈನ್, ಆಮೇಲೆ ದೇವದಾರು, ನಡುನಡುವೆ ಓಕ್. ಹಿಮ ಮೊದಲು ಕಂಡದ್ದು ಒಂದು ಬಂಡೆಯ ನೆರಳಿನಲ್ಲಿ, ತರಗೆಲೆ ಅಂಟಿಕೊಂಡು, ಕೊಳೆಯಾಗಿ. ಅಕ್ಕ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಕೈಗವಸು ಕಳಚಿ ಅದನ್ನು ಮುಟ್ಟಿದಳು. ಬೊಗಸೆಯಲ್ಲಿ ಹಿಡಿದು ಕರಗುವವರೆಗೆ ನೋಡಿದಳು. ನಾನು ಅವಸರಿಸಲಿಲ್ಲ.

ಸುಮಾರು 2,500 ಮೀಟರ್ ದಾಟಿದ ಮೇಲೆ ನೆಲ ಕಾಣಲಿಲ್ಲ. ಆಗ ಹನ್ನೆರಡೂವರೆ. ಹೆಜ್ಜೆ ಇಟ್ಟರೆ ಹಿಮ ಒಂದು ಕ್ಷಣ ತಡೆಯುವುದು, ಭಾರ ಬಿಟ್ಟ ಕೂಡಲೇ ಮೊಣಕಾಲಿನವರೆಗೆ ಕುಸಿಯುವುದು. ಕಾಲು ಎಳೆದು ಮುಂದಿಡಬೇಕು, ಮತ್ತೆ ಕುಸಿತ. ಕೆಸರುಗದ್ದೆಯಲ್ಲಿ ನಾಟಿಗೆ ಇಳಿದವರಿಗೆ ಇದು ಸ್ವಲ್ಪ ಗೊತ್ತಿರುತ್ತದೆ. ಆದರೆ ಕೆಸರು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಇಲ್ಲಿ ನಾಲ್ಕು ಹೆಜ್ಜೆ ಗಟ್ಟಿ, ಐದನೆಯದು ತೊಡೆಯವರೆಗೆ. ದೇಹ ಯಾವುದಕ್ಕೂ ಸಿದ್ಧವಾಗುವುದೇ ಇಲ್ಲ.

ಒಂದು ದೇವದಾರು ಮರದ ಬುಡದ ಹತ್ತಿರ ಅಕ್ಕ ಸೊಂಟದವರೆಗೆ ಹೂತುಹೋದಳು. ಕೂಗಲಿಲ್ಲ. “ಕಾಲಿಗೆ ತಳ ಸಿಗ್ತಿಲ್ಲ ಕಣೇ” ಅಂದಳು, ಅಷ್ಟೇ ಮೆಲ್ಲಗೆ. ನಾನು ಅವಳ ಕಡೆ ಓಡಲು ಹೋದೆ, ಭೈಜಿ ನನ್ನ ರಕ್‌ಸ್ಯಾಕಿನ ಪಟ್ಟಿ ಹಿಡಿದು ನಿಲ್ಲಿಸಿದರು. ಮರದ ಕೊಂಬೆಗಳು ಬೀಳುವ ಹಿಮವನ್ನು ತಡೆದು ಬುಡದ ಸುತ್ತ ಪೊಳ್ಳು ಬಿಟ್ಟಿರುತ್ತವೆ, ಕಾಂಡ ಬಿಸಿಲಿಗೆ ಬೆಚ್ಚಗಾಗಿ ಆ ಪೊಳ್ಳನ್ನು ಇನ್ನಷ್ಟು ಅಗಲ ಮಾಡುತ್ತದೆ. ಹೊರಗೆ ಮಾತ್ರ ಸಮತಟ್ಟಾಗಿ ಕಾಣುತ್ತದೆ. ಬಿಸಿಲು ಹೀರುವ ಕಪ್ಪು ಬಂಡೆಗಳ ಅಂಚಿನಲ್ಲೂ ಹೀಗೆಯೇ. ಅಕ್ಕ ಮೊದಲು ರಕ್‌ಸ್ಯಾಕ್ ಕಳಚಿದಳು. ಎರಡೂ ಕೋಲುಗಳನ್ನು ಹಿಮದ ಮೇಲೆ ಅಡ್ಡ ಮಲಗಿಸಿ ಅದರ ಮೇಲೆ ಎದೆ ಊರಿ, ಈಜುವವಳ ಹಾಗೆ ಮುಂದಕ್ಕೆ ಜಾರಿ ಹೊರಬಂದಳು. ಇಪ್ಪತ್ತು ನಿಮಿಷ ಹಿಡಿಯಿತು. ಒಂದು ಗೇಟರ್ ಕಳಚಿಕೊಂಡು ಬೂಟಿನೊಳಗೆ ಹಿಮ ತುಂಬಿತ್ತು.

ಆಗ ಭೈಜಿ ಕುಳಿತು ವಿವರಿಸಿದರು. ಹಗಲು ಬಿಸಿಲಿಗೆ ಮೇಲ್ಪದರ ಕರಗಿ ನೀರು ಕೆಳಗಿಳಿಯುತ್ತದೆ, ರಾತ್ರಿ ಅದೇ ನೀರು ಹೆಪ್ಪುಗಟ್ಟಿ ಹಿಮದ ಕಾಳುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಜನವರಿಯ ಹಿಮ ದಿನವಿಡೀ ಹೆಚ್ಚುಕಡಿಮೆ ಒಂದೇ ಥರ ಇರುತ್ತದಂತೆ. ಮಾರ್ಚ್‌ನದು ಗಂಟೆಗಂಟೆಗೆ ಬದಲಾಗುತ್ತದೆ. “ದೀದಿ, ಈ ತಿಂಗಳಲ್ಲಿ ಹತ್ತೂವರೆಯೊಳಗೆ ನಡೆದು ಮುಗಿಸಬೇಕು” ಅಂದರು. ಬೆಳಿಗ್ಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಹಿಂದಿನ ಸಂಜೆಯೇ ಆರೂವರೆ ಎಂದು ಹೇಳಿದ್ದರಲ್ಲ.

ಜೂಡಾ ಕಾ ತಾಲಾಬ್ ಸುಮಾರು 2,770 ಮೀಟರ್‌ನಲ್ಲಿದೆ. ತಲುಪಿದಾಗ ನಾಲ್ಕೂಕಾಲು. ಕಾಡಿನ ನಡುವೆ ಒಂದು ಬಿಳಿಯ ಬಯಲು. ಅದು ಕೆರೆ ಎಂದು ತಿಳಿದದ್ದು ಅಂಚಿನಲ್ಲಿ ಕರಗಿದ ಕಪ್ಪು ನೀರಿನ ಗೆರೆ ನೋಡಿದ ಮೇಲೆ. ಶಿವ ಇಲ್ಲಿ ತಪಸ್ಸಿಗೆ ಕುಳಿತಿದ್ದಾಗ ಜಟೆಯಿಂದ ಉದುರಿದ ಹನಿಗಳೇ ಕೆರೆಯಾಯಿತು ಎಂಬುದು ಈ ಕಡೆಯವರ ನಂಬಿಕೆ.

ಟೆಂಟಿನ ಗೂಟ ಹಿಮದಲ್ಲಿ ನಿಲ್ಲಲಿಲ್ಲ. ಬೆಣ್ಣೆಗೆ ಕಡ್ಡಿ ಚುಚ್ಚಿದ ಹಾಗೆ, ಎಳೆದರೆ ಬರುತ್ತಿತ್ತು. ಭೈಜಿ ಬಿದ್ದಿದ್ದ ಒಣ ಕೊಂಬೆಗಳನ್ನು ಮೊಳದುದ್ದ ಮುರಿದರು. ಹಗ್ಗವನ್ನು ಕೊಂಬೆಯ ನಡುವಿಗೆ ಕಟ್ಟಿ, ಅದನ್ನು ಅಡ್ಡಡ್ಡ ಹಿಮದೊಳಗೆ ಹೂತು, ಮೇಲೆ ತುಳಿದು, ಅರ್ಧ ಗಂಟೆ ಬಿಟ್ಟರು. ತುಳಿದ ಹಿಮ ತಾನಾಗಿಯೇ ಗಟ್ಟಿಯಾಗುತ್ತದೆ. ಆಮೇಲೆ ನಾನು ಎಷ್ಟು ಎಳೆದರೂ ಹಗ್ಗ ಅಲುಗಲಿಲ್ಲ. ಟೆಂಟಿನ ನೆಲವನ್ನೂ ಮೂವರೂ ಬೂಟಿನಿಂದ ತುಳಿದು ತುಳಿದು ಹೀಗೆಯೇ ಗಟ್ಟಿ ಮಾಡಿದೆವು.

ರಾತ್ರಿ ಚಳಿ ಮೇಲಿನಿಂದ ಬರಲಿಲ್ಲ, ಕೆಳಗಿನಿಂದ ಬಂತು. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪವಿದ್ದರೂ ಮೈಭಾರಕ್ಕೆ ಅಡಿಯ ಭಾಗ ಚಪ್ಪಟೆಯಾಗುತ್ತದೆ, ಅಲ್ಲಿ ಕಾಯುವುದು ಚಾಪೆ ಮಾತ್ರ. ನನ್ನದು ಒಂದೇ. ಬೆನ್ನಡಿಗೆ ರೇನ್‌ಕೋಟು, ಖಾಲಿ ರಕ್‌ಸ್ಯಾಕು, ಉಳಿದ ಹಗ್ಗ ಎಲ್ಲ ಹಾಸಿಕೊಂಡೆ. ಅಕ್ಕ ಮಲಗುವ ಮುಂಚೆ ಬಾಟಲಿಗೆ ಬಿಸಿನೀರು ತುಂಬಿ ಕಾಲುಚೀಲದೊಳಗಿಟ್ಟು ಮಗ್ಗುಲಲ್ಲಿ ಇಟ್ಟುಕೊಂಡಿದ್ದಳು. ನಡುರಾತ್ರಿ ನಾನು ಹೊರಳಾಡುವುದನ್ನು ಕೇಳಿ ಅದನ್ನು ನನ್ನ ಚೀಲದೊಳಗೆ ತುರುಕಿದಳು. ಬೇಡ ಅನ್ನುವಷ್ಟರಲ್ಲಿ ಅವಳು ಆ ಕಡೆ ತಿರುಗಿದ್ದಳು.

ಮೂರನೇ ದಿನ: ಬೇಸ್ ಕ್ಯಾಂಪ್

ಟೆಂಟಿನ ಹೊರಬಾಗಿಲಲ್ಲಿ ಬಿಟ್ಟಿದ್ದ ಒದ್ದೆ ಬೂಟುಗಳು ಬೆಳಿಗ್ಗೆ ಮರದ ಕೊರಡಾಗಿದ್ದವು. ಕಾಲು ಒಳಗೆ ಹೋಗಲಿಲ್ಲ. ಒಲೆಯ ಶಾಖಕ್ಕೆ ದೂರದಿಂದ ಹಿಡಿದು ಮೆತ್ತಗೆ ಮಾಡಲು ಮುಕ್ಕಾಲು ಗಂಟೆ ಹೋಯಿತು. ಅಂದಿನಿಂದ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸ್ಲೀಪಿಂಗ್ ಬ್ಯಾಗಿನ ಕಾಲ ಬುಡಕ್ಕೆ ಹಾಕಿಕೊಂಡೇ ಮಲಗಿದೆವು.

ಆದರೂ ಏಳಕ್ಕೆ ಹೊರಟೆವು. ಹಿಂದಿನ ದಿನ ನಮ್ಮನ್ನು ನುಂಗುತ್ತಿದ್ದ ಅದೇ ಹಿಮ ಈಗ ಗಾರೆ ನೆಲದ ಹಾಗೆ. ನಮ್ಮದೇ ಹಳೆಯ ಹೆಜ್ಜೆಗುಂಡಿಗಳು ಅಚ್ಚು ಹೊಯ್ದಂತೆ ಹೆಪ್ಪುಗಟ್ಟಿದ್ದವು. ಬೂಟಿಗೆ ಕಟ್ಟಿದ ಉಕ್ಕಿನ ಮುಳ್ಳುಗಳು (ಇಲ್ಲಿ ಎಲ್ಲರೂ ಅದಕ್ಕೆ ಕ್ರ್ಯಾಂಪಾನ್ ಅಂತಲೇ ಅನ್ನುತ್ತಾರೆ) ಹಪ್ಪಳ ಮುರಿದ ಸದ್ದು ಮಾಡುತ್ತ ಕಚ್ಚಿಕೊಳ್ಳುತ್ತಿದ್ದವು. ಬೆನ್ನ ಮೇಲೆ ಅಷ್ಟೇ ಭಾರ, ಏರು ಇನ್ನೂ ಕಡಿದು, ಆದರೂ ಅಕ್ಕ ಹಾಡು ಗುನುಗುತ್ತ ನಡೆದಳು. ಎದುರಿನ ಇಳಿಜಾರಿನಲ್ಲಿ ಒಂದು ಗಂಡು ಮೊನಾಲ್ ಹಾರಿತು, ರೆಕ್ಕೆಯಲ್ಲಿ ನವಿಲಿನ ನೀಲಿ. ಅದು ಉತ್ತರಾಖಂಡದ ರಾಜ್ಯಪಕ್ಷಿ. ಹಿಮದ ಬಿಳಿಯ ಮೇಲೆ ಅಷ್ಟು ಬಣ್ಣವನ್ನು ಕಣ್ಣು ನಂಬಲಿಲ್ಲ.

ಹತ್ತೂವರೆಗೆ ಬೇಸ್ ಕ್ಯಾಂಪ್, ಸುಮಾರು 3,430 ಮೀಟರ್. ಕಾಡು ಇಲ್ಲಿಗೆ ಮುಗಿಯುತ್ತದೆ. ಮುಂದೆ ಬರೀ ಬಿಳಿಯ ಏರು.

ನಡಿಗೆ ಇಷ್ಟು ಬೇಗ ಮುಗಿದರೆ ಉಳಿದ ಹೊತ್ತು ಏನು ಮಾಡುವುದು ಎಂದುಕೊಂಡಿದ್ದೆ. ಹಿಮ ಕರಗಿಸಿ ನೀರು ಮಾಡುವುದರಲ್ಲೇ ದಿನ ಕಳೆಯಿತು. ಪಾತ್ರೆ ತುಂಬ ಒತ್ತಿ ತುಂಬಿದ ಹಿಮ ಕರಗಿದರೆ ತಳದಲ್ಲಿ ಅಷ್ಟಿಷ್ಟು ನೀರು. ಬರಿಯ ಹಿಮವನ್ನೇ ಒಲೆಯ ಮೇಲಿಟ್ಟರೆ ಪಾತ್ರೆ ಸೀದು ನೀರಿಗೆ ಸುಟ್ಟ ವಾಸನೆ ಬರುತ್ತದೆ. ಮೊದಲು ಒಂದು ಲೋಟ ನೀರು ಹಾಕಿ, ಅದು ಬಿಸಿಯಾದ ಮೇಲೆ ಸ್ವಲ್ಪಸ್ವಲ್ಪವೇ ಹಿಮ ಹಾಕಬೇಕು. ನಡುವೆ ಗ್ಯಾಸ್ ಉರಿ ಸಣ್ಣಗಾಗಿ ನಿಂತೇಹೋಯಿತು. ಡಬ್ಬಿಯೊಳಗೆ ಗ್ಯಾಸ್ ಇತ್ತು, ಆದರೆ ಬ್ಯುಟೇನ್ ಸುಮಾರು ಸೊನ್ನೆ ಡಿಗ್ರಿಗೆ ಬಂದರೆ ದ್ರವವಾಗಿಯೇ ಉಳಿಯುತ್ತದೆ, ಆವಿಯಾಗಿ ಮೇಲೆ ಬರುವುದಿಲ್ಲ. ಅಕ್ಕ ಡಬ್ಬಿಯನ್ನು ಬಿಚ್ಚಿ ತನ್ನ ಜಾಕೆಟ್ಟಿನೊಳಗೆ ಎದೆಗೆ ಅವುಚಿಕೊಂಡು ಹತ್ತು ನಿಮಿಷ ಕೂತಳು. ಮತ್ತೆ ಹೊತ್ತಿಕೊಂಡಿತು.

ಮೂರು ಗಂಟೆಗೆ ಪಶ್ಚಿಮದಿಂದ ಮೋಡ. ಚಳಿಗಾಲ ಮತ್ತು ವಸಂತದಲ್ಲಿ ಈ ಬೆಟ್ಟಗಳಿಗೆ ಹಿಮ ತರುವುದು ಪಶ್ಚಿಮದಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ಮಾರುತಗಳು. ಮೊದಲು ಸಾಬಕ್ಕಿಯಂಥ ಬಿಳಿಯ ಕಾಳುಗಳು ಟೆಂಟಿನ ಮೇಲೆ ಚಟಪಟ ಉದುರಿದವು, ಆಮೇಲೆ ಸದ್ದಿಲ್ಲದ ಹಿಮ. ಆ ಮೌನಕ್ಕೆ ನಾನು ಹೆದರಿದೆ. ಮಳೆಯಾದರೆ ಎಷ್ಟು ಬರುತ್ತಿದೆ ಎಂದು ಕಿವಿಗೆ ತಿಳಿಯುತ್ತದೆ. ಇಲ್ಲಿ ಟೆಂಟಿನ ಗೋಡೆ ಒಳಕ್ಕೆ ಬಾಗುವುದನ್ನು ನೋಡಿಯೇ ತಿಳಿಯಬೇಕು. ಗಂಟೆಗೊಮ್ಮೆ ಒಳಗಿನಿಂದ ತಟ್ಟಿ ಉದುರಿಸಿದೆವು.

ಅಕ್ಕನಿಗೆ ಸಂಜೆ ತಲೆನೋವು ಶುರುವಾಯಿತು. ಊಟ ಬೇಡ ಅಂದಳು. ಎರಡೇ ದಿನದಲ್ಲಿ ಸುಮಾರು 1,500 ಮೀಟರ್ ಏರಿದ್ದೆವು. ಭೈಜಿ ಒಂದು ಗೆರೆ ಹಾಕಿದರು: ಬೆಳಗಿನೊಳಗೆ ನೋವು ಇಳಿಯದಿದ್ದರೆ ಮೇಲಲ್ಲ, ಕೆಳಗೆ. ಅದಕ್ಕೆ ಅಕ್ಕನೂ ಒಪ್ಪಿದಳು, ನಾನೂ ಒಪ್ಪಿದೆ.

ನಾಲ್ಕನೇ ದಿನ: ಏರು

ಮೂರು ಗಂಟೆಗೆ ಎದ್ದಾಗ ಅಕ್ಕ ಆಗಲೇ ಎದ್ದು ಕೂತಿದ್ದಳು. ನೋವಿಲ್ಲ, ಹಸಿವಾಗ್ತಿದೆ ಅಂದಳು. ಆಕಾಶ ತೊಳೆದಿಟ್ಟ ಹಾಗೆ. ರಾತ್ರಿ ಬಿದ್ದ ಹಿಮ ಒಂದು ಗೇಣಿಗೂ ಹೆಚ್ಚು. ಟೆಂಟ್ ಅಲ್ಲೇ ಬಿಟ್ಟು ನೀರು, ಒಂದಿಷ್ಟು ತಿನಿಸು, ಹೆಚ್ಚಿನ ಜಾಕೆಟ್ಟು ಮಾತ್ರ ಹೊತ್ತು ನಾಲ್ಕೂಕಾಲಿಗೆ ಹೊರಟೆವು. ಎಂಟು ಗಂಟೆಗೆ ಎಲ್ಲಿದ್ದರೆ ಅಲ್ಲಿಂದ ಹಿಂದಿರುಗುವುದು ಎಂದು ಹೊರಡುವ ಮುನ್ನವೇ ಮೂವರೂ ಮಾತಾಡಿಕೊಂಡಿದ್ದೆವು.

ತಲೆದೀಪದ ಬೆಳಕಿನಲ್ಲಿ ಭೈಜಿಯ ಹೆಜ್ಜೆ ಮಾತ್ರ ಕಾಣುತ್ತಿತ್ತು. ಅವರು ಬೂಟಿನ ತುದಿಯಿಂದ ಎರಡು ಸಲ ಒದ್ದು ಮೆಟ್ಟಿಲು ಮಾಡುವುದು, ಅಕ್ಕ ಅದರಲ್ಲಿ ಕಾಲಿಡುವುದು, ನಾನು ಅಕ್ಕನ ಹೆಜ್ಜೆಯಲ್ಲಿ. ಹೊಸ ಹಿಮದ ಅಡಿಯಲ್ಲಿ ಹಳೆಯ ಗಟ್ಟಿ ಪದರ ನುಣ್ಣಗಿತ್ತು, ಕಾಲು ಜಾರುತ್ತಿತ್ತು. ಹತ್ತು ಹೆಜ್ಜೆ, ಒಂದು ನಿಲುಗಡೆ. 3,800 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲಿಗಿಂತ ತುಸು ಕಡಿಮೆ. ಉಸಿರು ಎಷ್ಟು ಎಳೆದುಕೊಂಡರೂ ಎದೆ ತುಂಬದು.

ಸೂರ್ಯೋದಯವನ್ನು ಬೆಟ್ಟಗಳು ಕೆಂಪಾಗುವುದು ಎಂದು ಕಲ್ಪಿಸಿಕೊಂಡಿದ್ದೆ. ಹಾಗಾಗಲಿಲ್ಲ. ಸ್ವರ್ಗಾರೋಹಿಣಿ, ಕಾಲಾನಾಗ್, ಬಂದರ್‌ಪೂಂಛ್ ಎಲ್ಲ ಇಲ್ಲಿಂದ ಪೂರ್ವಕ್ಕಿವೆ, ಸೂರ್ಯ ಅವುಗಳ ಬೆನ್ನಿಗೆ ಹುಟ್ಟುತ್ತಾನೆ. 6,000 ಮೀಟರಿಗೂ ಎತ್ತರದ ಆ ಮೂರೂ ಶಿಖರಗಳು ಮೊದಲು ಕಪ್ಪಗಿದ್ದವು. ಆಮೇಲೆ ಅಂಚು ಮಾತ್ರ ಹೊತ್ತಿಕೊಂಡಿತು, ಜರಿಯ ಎಳೆಯಷ್ಟು ತೆಳ್ಳಗೆ. ಗಾಳಿಗೆ ತುದಿಯಿಂದ ಹಾರುತ್ತಿದ್ದ ಹಿಮದ ಧೂಳಿಗೂ ಆ ಬೆಳಕು ತಾಗಿತ್ತು. ಹಿಂದಿರುಗಿ ನೋಡಿದರೆ ಪಶ್ಚಿಮದಲ್ಲಿ ಹಿಮಾಚಲದ ಕಡೆಯ ಸಾಲುಗಳು ನಸುಗೆಂಪಾಗಿದ್ದವು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. ಇಬ್ಬರೂ ಅತ್ತೆವು. ಅದನ್ನು ಮುಚ್ಚಿಡುವ ಮನಸ್ಸು ನನಗಿಲ್ಲ.

ಎಂಟು ಗಂಟೆಗೆ ನನ್ನ ಗಡಿಯಾರ 3,690 ಮೀಟರ್ ತೋರಿಸುತ್ತಿತ್ತು. ತುದಿ 3,810. ಶಿವನ ತ್ರಿಶೂಲವಿರುವ ಆ ನೆತ್ತಿ ಕೈಚಾಚಿದರೆ ಸಿಗುವಂತೆ ಕಾಣುತ್ತಿತ್ತು. ಭೈಜಿ ಮುಂದಿನ ಇಳಿಜಾರಿನ ಬಳಿ ಕುಕ್ಕರಿಸಿ ಕೈಯಿಂದ ಹಿಮ ಬಗೆದರು. ಹೊಸ ಪದರದ ಸುತ್ತ ಗೆರೆ ಕೊಯ್ದು ಮೆಲ್ಲಗೆ ಎಳೆದರು. ತಟ್ಟೆಯಿಂದ ದೋಸೆ ಜಾರಿದ ಹಾಗೆ ಇಡೀ ತುಂಡು ಹಳೆಯ ಪದರದ ಮೇಲಿಂದ ಜಾರಿ ಕೆಳಗೆ ಹೋಯಿತು. “ಬಿಸಿಲು ಬಿದ್ದಿದೆ” ಅಂದರು. ಅಷ್ಟೇ ಹೇಳಿದ್ದು.

ಅಕ್ಕ ನನ್ನ ಮುಖ ನೋಡಿ, “ನನ್ನಿಂದ ನಿಧಾನ ಆಯ್ತು. ನೀನು ಭೈಜಿ ಜೊತೆ ಬೇಗ ಹೋಗಿ ಬಂದ್‌ಬಿಡೇ, ನಾನು ಈ ಬಂಡೆ ಹತ್ರ ಕೂತಿರ್ತೀನಿ” ಅಂದಳು.

“ಕೂರೋದಾದ್ರೆ ಮೂವರೂ ಕೂರೋಣ ಅಕ್ಕ. ಇಳಿಯೋದಾದ್ರೆ ಮೂವರೂ ಇಳಿಯೋಣ.”

ಹಾಗೆ ಹೇಳುವಾಗ ನನಗೆ ಆ 120 ಮೀಟರ್ ಬೇಕಿತ್ತು, ತುಂಬಾ ಬೇಕಿತ್ತು. ಎರಡು ನಿಮಿಷ ತುದಿಯನ್ನೇ ನೋಡುತ್ತ ನಿಂತೆ. ಅಕ್ಕ ತನ್ನ ಜೇಬಿನಿಂದ ಬಾದಾಮಿ ತೆಗೆದು ನಮ್ಮಿಬ್ಬರ ಕೈಗೂ ಹಾಕಿದಳು. ತಿಂದು, ತಿರುಗಿದೆವು.

ಕೆಳಗಿಳಿಯುವುದು ಹತ್ತುವುದಕ್ಕಿಂತ ಕಷ್ಟ. ಹಿಮ್ಮಡಿ ಊರಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಭಾರವನ್ನು ಹಿಂದಕ್ಕೆ ಬಿಡದೆ ಇಳಿಯಬೇಕು. ಹೆದರಿ ಹಿಂದಕ್ಕೆ ವಾಲಿದರೆ ಕಾಲು ಜಾರುತ್ತದೆ. ಮುಳ್ಳುಗಳ ಅಡಿ ಒದ್ದೆ ಹಿಮ ಉಂಡೆಕಟ್ಟುತ್ತಿತ್ತು, ಕೋಲಿನಿಂದ ಬೂಟನ್ನು ತಟ್ಟಿ ತಟ್ಟಿ ಉದುರಿಸಬೇಕಾಯಿತು. ಒಂಬತ್ತೂವರೆ ಹೊತ್ತಿಗೆ ನಾವು ಬಿಟ್ಟುಬಂದ ಇಳಿಜಾರಿನಲ್ಲಿ ಸಣ್ಣ ಸಣ್ಣ ಹಿಮದ ಉಂಡೆಗಳು ತಾವಾಗಿಯೇ ಉರುಳತೊಡಗಿದವು, ಹಿಂದೆ ಗೆರೆ ಎಳೆಯುತ್ತ, ಉರುಳಿದಂತೆ ದೊಡ್ಡದಾಗುತ್ತ. ಯಾರೂ ಅಲ್ಲಿ ಕಾಲಿಟ್ಟಿರಲಿಲ್ಲ. ಮೇಲ್ಪದರ ಬೆಚ್ಚಗಾಗಿ ಹಿಡಿತ ಬಿಡುತ್ತಿದೆ ಎಂಬುದರ ಗುರುತು ಅದು. ತುದಿಗೆ ಹೋಗಿದ್ದರೆ ಆ ಹೊತ್ತಿಗೆ ನಾವು ಅದರ ನಡುವೆ ಇರುತ್ತಿದ್ದೆವು. ಭೈಜಿ ಅದನ್ನು ನನಗೆ ಬೆರಳು ಮಾಡಿ ತೋರಿಸಲಿಲ್ಲ, ನಾನೇ ನೋಡಿದೆ.

ಬೇಸ್ ಕ್ಯಾಂಪಿನಲ್ಲಿ ಮಧ್ಯಾಹ್ನವಿಡೀ ನಿದ್ದೆ. ಎದ್ದಾಗ ಮೂಗಿನ ಹೊಳ್ಳೆಯ ಒಳಗೆ, ಗಲ್ಲದ ಅಡಿ ಉರಿ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಶೇ 80ಕ್ಕೂ ಹೆಚ್ಚನ್ನು ಹಿಂದಕ್ಕೆ ಎಸೆಯುತ್ತದೆ, ಬಿಸಿಲು ಕೆಳಗಿನಿಂದಲೂ ಸುಡುತ್ತದೆ. ಸನ್‌ಸ್ಕ್ರೀನನ್ನು ಕೆನ್ನೆಗೆ ಹಚ್ಚಿದ್ದೆ, ಅಲ್ಲಿಗೆ ಹಚ್ಚಿರಲಿಲ್ಲ. ಕಪ್ಪು ಕನ್ನಡಕ ಮಾತ್ರ ಭೈಜಿ ಒಂದು ಕ್ಷಣವೂ ತೆಗೆಯಲು ಬಿಟ್ಟಿರಲಿಲ್ಲ.

ಐದನೇ ದಿನ: ಇಳಿತ

ಐದು ಗಂಟೆಗೆ ಹೊರಟು, ಹಿಮ ಗಟ್ಟಿಯಿರುವಾಗಲೇ ಕೆರೆ ದಾಟಿದೆವು. ಅಕ್ಕ ಹೂತುಹೋಗಿದ್ದ ಗುಂಡಿ ಹಾಗೆಯೇ ಇತ್ತು, ಅವಳ ಎರಡು ಕೋಲುಗಳ ಅಡ್ಡಗೆರೆ ಸಹಿತ. ಅವಳು ನಿಂತು ನೋಡಿ, ಮರದಿಂದ ದೂರವಾಗಿ ಸುತ್ತುಹಾಕಿ ನಡೆದಳು.

ಹಿಮ ಮುಗಿದು ಮಣ್ಣು ಶುರುವಾದ ಕಡೆ ಬುರಾಂಶ್ ಹೂ ಬಿಟ್ಟಿತ್ತು. ಹತ್ತುವಾಗ ಇಲ್ಲೇ ಹಾದುಹೋಗಿದ್ದೆವು, ನನ್ನ ಕಣ್ಣು ನೆಲದ ಮೇಲೆಯೇ ಇದ್ದಿರಬೇಕು. ಬುರಾಂಶ್ ಎಂದರೆ ರೋಡೋಡೆಂಡ್ರನ್, ಉತ್ತರಾಖಂಡದ ರಾಜ್ಯವೃಕ್ಷ. ಕುಂಕುಮಗೆಂಪು ಗೊಂಚಲುಗಳು, ಕೆಲವು ಉದುರಿ ಕೊನೆಯ ಹಿಮದ ತೇಪೆಗಳ ಮೇಲೆ ಬಿದ್ದಿದ್ದವು. ಬಿದ್ದ ಪ್ರತಿ ಹೂವಿನ ಅಡಿಯಲ್ಲೂ ಹಿಮ ಸ್ವಲ್ಪ ಕರಗಿ, ಹೂವಿನಷ್ಟೇ ಅಗಲದ ಗುಳಿಯಾಗಿತ್ತು. ಮೂರು ದಿನದಿಂದ ಬಂಡೆ, ಮರ, ಬೂಟು ಎಲ್ಲದರಲ್ಲೂ ನೋಡಿದ ಸಂಗತಿಯೇ ಅದು: ಬಣ್ಣವಿರುವುದು ಬಿಸಿಲು ಹೀರುತ್ತದೆ, ಹೀರಿದ್ದು ಹಿಮವನ್ನು ಕರಗಿಸುತ್ತದೆ. ಅಕ್ಕ ಉದುರಿದ ಹೂವೊಂದನ್ನು ಎತ್ತಿ ಗುಳಿ ನೋಡಿ, ಮತ್ತೆ ಅದೇ ಗುಳಿಯಲ್ಲೇ ಇಟ್ಟಳು.

ಸಾಂಕ್ರಿಯಲ್ಲಿ ಒಲೆಯ ಪಕ್ಕ ಕಾಲುಚೀಲ ಒಣಹಾಕಿ ಕೂತಾಗ ಭೈಜಿ ಟೀ ಕುಡಿದು ಎದ್ದರು. ಜೂನ್‌ನಲ್ಲಿ ಬಂದರೆ ಮೇಲೆ ಹುಲ್ಲು ಇರುತ್ತದೆ, ಹೊತ್ತಿನ ಚಿಂತೆಯಿಲ್ಲದೆ ತುದಿಗೆ ಹೋಗಬಹುದು ಅಂದರು. ಅಕ್ಕ ತಲೆ ಅಲ್ಲಾಡಿಸಿದಳು. “ಮಾರ್ಚ್‌ನಲ್ಲೇ ಬರ್ತೀವಿ ಭೈಜಿ. ಎರಡು ಚಾಪೆ ತರ್ತೀವಿ.”

ಮರುದಿನ ಡೆಹ್ರಾಡೂನ್ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿರುವಾಗಲೇ, ಅಲಾರಂ ಇಲ್ಲದೆ, ಮೂರೂವರೆಗೆ ನನಗೆ ಎಚ್ಚರವಾಯಿತು. ಪಕ್ಕದ ಹಾಸಿಗೆಯಲ್ಲಿ ಅಕ್ಕ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಕಿಟಕಿಯ ಆಚೆ ಕತ್ತಲು, ನಕ್ಷತ್ರ.

“ಮೇಲೆ ಈಗ ಗಟ್ಟಿಯಾಗಿರುತ್ತೆ ಅಲ್ವೇನೆ?” ಅಂದಳು.